ಕಾಸ್ಮಿರಣ್ಣನ ಏಳನೆಯ ಅಂಗಳ

ಕತಾರಿನಲ್ಲಿ ಗಾಲ್ಫ್ ಎಂದರೆ ಎಲ್ಲರಿಗೂ ನೆನಪಾಗುವುದು ದೋಹಾದ ಹಸಿರು ಹುಲ್ಲಿನ ಮೈದಾನ. ಟೀವಿಯವರು ಬರುವುದೂ ಅಲ್ಲಿಗೇ. ಆದರೆ ಆ ಆಟ ಹುಟ್ಟಿದ್ದು ಕಡಲಂಚಿನ ಮರಳು ದಿಬ್ಬಗಳಲ್ಲಂತೆ, ಅಂಥ ಮೈದಾನಕ್ಕೆ ಲಿಂಕ್ಸ್ ಎನ್ನುತ್ತಾರಂತೆ. ಹಾಗೆ ನೋಡಿದರೆ ನಮ್ಮ ಅಲ್ ವಕ್ರಾದಿಂದ ದಕ್ಷಿಣಕ್ಕೆ, ಕಂಪೆನಿಯೊಂದರ ನೌಕರರು ಆಡುವ ಮರಳಿನ ಗಾಲ್ಫ್ ಕೋರ್ಸೇ ನಿಜವಾದ ಲಿಂಕ್ಸ್. ಇದು ನನ್ನ ಮಾತಲ್ಲ, ಕಾಸ್ಮಿರಣ್ಣನ ಮಾತು. ಅದರ ನೆಲವನ್ನು ನೋಡಿಕೊಳ್ಳುವವರು ಅವರೇ ಆದ್ದರಿಂದ ಸ್ವಲ್ಪ ಪಕ್ಷಪಾತ ಇದ್ದೀತು. ಆದರೂ ನಾನು ನಂಬುತ್ತೇನೆ.

ಕಾಸ್ಮಿರಣ್ಣ ಉದ್ಯಾವರದವರು. ನನ್ನ ಗಂಡ ಸುಶಾಂತ್ ಕಟಪಾಡಿಯವರು. ಇಬ್ಬರ ಊರಿನ ನಡುವೆ ಒಂದು ಬಸ್ ಸ್ಟಾಪಿನ ಅಂತರ ಎಂಬ ಒಂದೇ ಕಾರಣಕ್ಕೆ, ನಾವು ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಶುಕ್ರವಾರವೇ ಅವರು ಎರಡು ಕಿಲೋ ಮೀನು ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ತುಳುವಿನಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವ ಹಾಗೆ ಇವರು, ಅಂದರೆ ನನ್ನ ಗಂಡ, ಅವರನ್ನು "ಪೊರ್ಬುಲೆ" ಎನ್ನುತ್ತಾರೆ. ನನಗೆ ಕಾಸ್ಮಿರಣ್ಣ. ಮೂರೂವರೆ ವರ್ಷದ ನಮ್ಮ ಮಗಳು ಅಕ್ಕುವಿಗೆ "ಮರಳು ಮಾಮ".

ಅವರ ಕೆಲಸ ಏನೆಂದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಆ ಕೋರ್ಸಿನಲ್ಲಿ ಒಂದೇ ಒಂದು ಎಳೆ ಹುಲ್ಲಿಲ್ಲ. ಆಡುವವರು ಅಂಗೈ ಅಗಲದ ಪ್ಲಾಸ್ಟಿಕ್ ಹುಲ್ಲಿನ ಚಾಪೆಯೊಂದನ್ನು ಚೀಲಕ್ಕೆ ನೇತುಹಾಕಿಕೊಂಡು ಬರುತ್ತಾರೆ. ಚೆಂಡು ಬಿದ್ದಲ್ಲಿ ಅದನ್ನು ಹಾಸಿ, ಚೆಂಡನ್ನು ಮೇಲಿಟ್ಟು ಹೊಡೆಯುತ್ತಾರೆ. ಹುಲ್ಲಿನ ಮೈದಾನದಲ್ಲಿ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಜಾಗಕ್ಕೆ ಗ್ರೀನ್ ಎಂದರೆ, ಇಲ್ಲಿ ಅದು ಬ್ರೌನ್. ಮರಳಿಗೆ ಎಣ್ಣೆ ಬೆರೆಸಿ, ಬಡಿದು, ಉರುಳೆ ಓಡಿಸಿ ಗಟ್ಟಿ ಮಾಡಿದ ವೃತ್ತ. ಬಣ್ಣ ಥೇಟ್ ಬೆಲ್ಲದ ಪಾಕದ್ದು. ಅಂಥ ಹದಿನೆಂಟು ವೃತ್ತಗಳು. ಗಾಳಿ ಕೆದರಿದ್ದನ್ನು ದಿನಾ ಬೆಳಿಗ್ಗೆ ಮತ್ತೆ ನುಣುಪು ಮಾಡುವವರು ಕಾಸ್ಮಿರಣ್ಣ.

ಎಂಬತ್ತಮೂರರಲ್ಲಿ ಪೈಪು ಹೊರುವ ಕೆಲಸಕ್ಕೆಂದು ಬಂದವರಂತೆ. ಒಂದು ದಿನ ಮೇಸ್ತ್ರಿ ಕರೆದುಕೊಂಡು ಹೋಗಿ ಬ್ರೌನ್ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಯಾವ ಭತ್ತ ಬಡಿಯುವುದು?"

ಇದನ್ನು ಹೇಳುವಾಗೆಲ್ಲ ಅವರೇ ಮೊದಲು ನಗುತ್ತಾರೆ. "ಮತ್ತೆಂತ ಮಾರಾಯ್ತಿ? ಗುಂಡಗೆ, ನುಣ್ಣಗೆ, ಸುತ್ತ ಅಂಚು ಕಟ್ಟಿದ್ದು. ನಾನು ನೋಡಿದ್ದು ಅಂಗಳ ಒಂದೇ. ಗಾಲ್ಫ್ ಅಂದ್ರೆ ತಿನ್ನುವುದಾ ಕುಡಿಯುವುದಾ ಗೊತ್ತಿತ್ತಾ ನನಗೆ?"

ಊರಿನಲ್ಲಿ ಅವರ ಅಪ್ಪನ ಕಸುಬು ಅದೇ ಆಗಿತ್ತು. ಮಳೆಗಾಲದಲ್ಲಿ ಕೊಚ್ಚಿಹೋದ ಅಂಗಳವನ್ನು ಕೊಯ್ಲಿಗೆ ಮುಂಚೆ ಮತ್ತೆ ಮಣ್ಣು ಹಾಕಿ, ಹಿಡಿಕೆಯಿರುವ ದಪ್ಪ ಹಲಗೆಯಿಂದ ಬಡಿದು ಬಡಿದು, ಭತ್ತದ ಒಂದು ಕಾಳೂ ಹೂತುಹೋಗದಂತೆ ಗಟ್ಟಿ ಮಾಡಿಕೊಡುವುದು. ಹದಿನೈದನೆಯ ವರ್ಷಕ್ಕೆ ಕಾಸ್ಮಿರಣ್ಣನ ಕೈ ಅಪ್ಪನ ಕೈಗಿಂತ ಸಮ ಬೀಳುತ್ತಿತ್ತಂತೆ. ಆ ಕೈಯನ್ನೇ ಇಲ್ಲಿಗೂ ತಂದರು. ಉರುಳೆ ಮಾಡದ ಕೆಲಸವನ್ನು ಹಲಗೆ ಮಾಡುತ್ತದೆ ಎಂದು ಮರದಂಗಡಿಯಲ್ಲಿ ಹೇಳಿ ನಾಲ್ಕು ಹಲಗೆ ಮಾಡಿಸಿಕೊಂಡರು. ನೆಲ ಎಳೆಯುವ ಕಬ್ಬಿಣದ ಬಾಚಣಿಗೆ ಗೀರು ಬೀಳಿಸುತ್ತದೆಂದು ಊರಿನಿಂದ ಹಿಡಿಸೂಡಿ ತರಿಸಿದರು. ತೆಂಗಿನ ಕಡ್ಡಿಯ ಆ ಪೊರಕೆಗಳನ್ನು ನಾನೂ ಎರಡು ಸಲ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದೇನೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಾಗ ನನಗೆ ಬೆವರು ಇಳಿದಿತ್ತು.

ಹದಿನೆಂಟರಲ್ಲಿ ಏಳನೆಯದು ಅವರ ಪ್ರಾಣ. ಹನ್ನೆರಡು ವರ್ಷಗಳ ಹಿಂದೆ ಸಮುದ್ರಕ್ಕೆ ಚಾಚಿಕೊಂಡ ನಾಲಗೆಯಂಥ ನೆಲದಲ್ಲಿ ಜಾಗ ಹುಡುಕಿ, ಅದನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿದವರು ಅವರೇ. ಎಡಕ್ಕೆ ನೀಲಿ ನೀರು, ಬಲಕ್ಕೆ ಬಿಳಿ ದಿಬ್ಬ, ನಡುವೆ ಬೆಲ್ಲದ ಬಣ್ಣದ ವೃತ್ತ. ಊರಿನಲ್ಲಿರುವ ಅವರ ಹೆಂಡತಿ ಬರ್ನಡೆಟ್ ಅದನ್ನು ಫೋಟೊದಲ್ಲಿ ಮಾತ್ರ ನೋಡಿದವರು. ಆದರೂ ಪ್ರತಿ ಶುಕ್ರವಾರ ಫೋನಿನಲ್ಲಿ, "ಊಟ ಆಯ್ತಾ? ಏಳನೆಯದು ಹೇಗುಂಟು?" ಎಂದೇ ಕೇಳುತ್ತಾರೆ.

ಈ ವರ್ಷ, ಎರಡು ಸಾವಿರದ ಆರರ ಜನವರಿಯಲ್ಲಿ, ಆ ಏಳನೆಯದಕ್ಕೇ ಕುತ್ತು ಬಂತು. ಚಳಿಗಾಲದ ಗಾಳಿಗೆ ಅದರ ಅಂಚು ಪದೇ ಪದೇ ಕೆಡುತ್ತದೆ, ಮೂರು ಬ್ರೌನಿನ ಶ್ರಮ ಅದೊಂದಕ್ಕೇ ಹೋಗುತ್ತದೆ, ಒಳಗಡೆ ಬೇಲಿಯ ಹತ್ತಿರ ಹೊಸತು ಮಾಡೋಣ ಎಂದು ಕಮಿಟಿಯಲ್ಲಿ ಮಾತಾಯಿತು. ಕ್ಲಬ್ಬಿನ ಕ್ಯಾಪ್ಟನ್ ಒಬ್ಬ ಸ್ಕಾಟ್ಲೆಂಡಿನ ಇಂಜಿನಿಯರ್. ಶನಿವಾರ ಬೇರೆ ಕ್ಲಬ್ಬಿನವರ ಜೊತೆ ವರ್ಷದ ಪಂದ್ಯ ಇತ್ತು. ಅಂದು ಏಳನೆಯದು ಸರಿಯಾಗಿ ನಿಂತರೆ ಉಳಿಸೋಣ, ಇಲ್ಲದಿದ್ದರೆ ತೆಗೆಯೋಣ ಎಂದು ಅವರು ಕಾಸ್ಮಿರಣ್ಣನಿಗೆ ನೇರವಾಗಿ ಹೇಳಿದರು.

"ಅದು ಹೋದ್ರೆ ಉಳಿಯುವುದೆಂತ ತಂಗಿ?" ಎಂದು ಅವರು ನಮ್ಮ ಮನೆಯಲ್ಲಿ ಅನ್ನ ಕಲಸುತ್ತಾ ಕೇಳಿದ್ದರು. "ಸಮುದ್ರ ಕಾಣದ ಲಿಂಕ್ಸ್. ಮೀನಿಲ್ಲದ ಸಾರು."

ಪಂದ್ಯದ ಹಿಂದಿನ ದಿನ, ಶುಕ್ರವಾರ, ನಾವು ಮೂವರೂ ಅಲ್ಲಿಗೆ ಹೋದೆವು. ಕಾಸ್ಮಿರಣ್ಣನಿಗೆ ಸಹಾಯ ಮಾಡುವ ಹುರುಪು ಇವರಿಗೆ. ನನಗೆ ಮನಸ್ಸಿರಲಿಲ್ಲ. ಅಕ್ಕುವಿಗೆ ಧೂಳೆಂದರೆ ಎದೆ ಸುಯ್ಯೆನ್ನುತ್ತದೆ. ಇನ್‌ಹೇಲರ್, ಮೂಗಿಗೆ ಕಟ್ಟುವ ಬಟ್ಟೆ, ಐದು ಲೀಟರಿನ ಎರಡು ಕ್ಯಾನ್ ನೀರು, ಜ್ವರದ ಸಿರಪ್ಪು, ಎಲ್ಲ ಕಟ್ಟಿಕೊಂಡೇ ಹೊರಟೆ. "ಗಾಲ್ಫ್ ನೋಡ್ಲಿಕ್ಕೆ ಹೋಗುವುದಾ, ಆಸ್ಪತ್ರೆ ತೆರೀಲಿಕ್ಕೆ ಹೋಗುವುದಾ?" ಎಂದು ಇವರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಹತ್ತು ಗಂಟೆಗೆ ಕಾಸ್ಮಿರಣ್ಣ ಮತ್ತು ಇವರು ಉರುಳೆ ತರಲು ಪಿಕಪ್ಪಿನಲ್ಲಿ ಕ್ಲಬ್ಬಿನ ಕಡೆಗೆ ಹೋದರು. "ಯಾರೂ ಮೇಲೆ ಕಾಲಿಡದ ಹಾಗೆ ನೋಡ್ಕೊಳ್ಳಿ ತಂಗಿ. ಈಗ ಬಂದೆ" ಎಂದರು ಕಾಸ್ಮಿರಣ್ಣ.

ರಾತ್ರಿಯ ಗಾಳಿಗೆ ಬ್ರೌನಿನ ಮೇಲೆ ತೆಳ್ಳಗೆ ಬಿಳಿ ಧೂಳು ಕೂತಿತ್ತು. ಸಣ್ಣ ಗಾಳಿ ಬೀಸಿದಾಗಲೆಲ್ಲ ಅದು ಎದ್ದು ನಮ್ಮ ಕಡೆಗೇ ಬರುತ್ತಿತ್ತು. ಅಕ್ಕು ಎರಡು ಸಲ ಕೆಮ್ಮಿದಳು. ಮೂರನೆಯ ಸಲ ಕೆಮ್ಮಿದಾಗ ನನ್ನ ತಲೆ ಕೆಟ್ಟಿತು. ಹಿಡಿಸೂಡಿ ಅಲ್ಲೇ ಇತ್ತು.

ನಾನು ಮಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದವಳು. ಅಂಗಳ ಗುಡಿಸಲು ಕಲಿತದ್ದು ಮದುವೆಯಾದ ಮೇಲೆ, ಅತ್ತೆಯ ಕೈಕೆಳಗೆ. ಅವರ ಮೊದಲ ಪಾಠವೇ ಇದು: ಮೊದಲು ನೀರು ಚಿಮುಕಿಸು, ಆಮೇಲೆ ಗುಡಿಸು, ಧೂಳು ಏಳುವುದಿಲ್ಲ. ಕಾಸ್ಮಿರಣ್ಣನೇ ಇದನ್ನು ಅಂಗಳ ಎನ್ನುತ್ತಾರಲ್ಲ. ಕ್ಯಾನ್ ಎತ್ತಿಕೊಂಡು ಅಂಗೈಯಿಂದ ಕುಳಿಯ ಸುತ್ತಲೂ ನೀರು ಚಿಮುಕಿಸಿದೆ. ನೀರು ಇಂಗಲಿಲ್ಲ. ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡು ಗುಂಡಾಗಿ ಉರುಳಾಡಿತು. ಸಾಕಾಗಲಿಲ್ಲವೇನೋ ಎಂದು ಇನ್ನಷ್ಟು ಸುರಿದೆ. ನಂತರ ಗುಡಿಸಿದೆ.

ಹಿಡಿಸೂಡಿಗೆ ಧೂಳು ಬರಲಿಲ್ಲ, ನೆಲವೇ ಎದ್ದು ಬಂತು. ಸರಿಯಾಗಿ ಕಲಸದ ಉಪ್ಪಿಟ್ಟಿನ ಹಾಗೆ ಗಂಟು ಗಂಟು. ಗುಡಿಸಿದಷ್ಟೂ ಹೆಚ್ಚು ಎದ್ದಿತು. ಮಲಗುವ ಚಾಪೆಯಷ್ಟಗಲ ಜಾಗ ಹುಣ್ಣಿನಂತೆ ಕಾಣತೊಡಗಿದಾಗ ಪಿಕಪ್ಪಿನ ಸದ್ದು ಕೇಳಿಸಿತು.

ಕಾಸ್ಮಿರಣ್ಣ ಇಳಿದವರು ಕ್ಯಾನ್ ನೋಡಿದರು, ನನ್ನನ್ನು ನೋಡಿದರು, ಕುಳಿಯ ಹತ್ತಿರ ಹೋಗಿ ಮಂಡಿಯೂರಿ ಕೂತರು.

"ಎಂತ ಮಾಡಿದ್ದು ನೀನು?" ಎಂದರು ಸುಶಾಂತ್. ಅವರ ದನಿ ಏರಿತ್ತು.

"ಧೂಳು... ಅಕ್ಕು ಕೆಮ್ಮಿದಳು... ಅತ್ತೆ ಹೇಳಿಕೊಟ್ಟ ಹಾಗೆ..." ನನಗೆ ಅಳು ಬಂತು.

ಕಾಸ್ಮಿರಣ್ಣ ತಲೆಯೆತ್ತಿದರು. "ಅವರಿಗೆ ಬೈಬೇಡಿ ಮಾರಾಯ್ರೆ. ಊರಿನ ಯಾವ ಹೆಂಗಸಾದ್ರೂ ಇದನ್ನೇ ಮಾಡ್ತಿದ್ದರು. ಬರ್ನಡೆಟ್ ಇದ್ದಿದ್ರೆ ಸೆಗಣಿಯನ್ನೂ ಸಾರಿಸ್ತಿದ್ದಳು." ಒಂದು ಗಂಟನ್ನು ಬೆರಳಿನಲ್ಲಿ ಪುಡಿ ಮಾಡಿದರು. "ಇದು ಅಂಗಳವೇ ತಂಗಿ. ಆದ್ರೆ ನೀರು ಕುಡಿಯುವ ಅಂಗಳ ಅಲ್ಲ. ಎಣ್ಣೆ ಹಿಡಿದದ್ದನ್ನು ನೀರು ಬಿಡಿಸ್ತದೆ. ಆಯ್ತು, ಖಲಾಸ್. ಈಗ ಸೂರ್ಯ ಇದ್ದಾನೆ. ಯಲ್ಲಾ, ನಡೀರಿ, ಹಲಗೆ ಇಳಿಸಿ."

ಅಂದು ನಾನು ಅವರ ಕೈಯನ್ನು ನೋಡಿದೆ. ಕೆಟ್ಟ ಭಾಗವನ್ನು ಕರಣೆಯಿಂದ ಕೇಕಿನ ತುಂಡಿನಂತೆ ಕೆತ್ತಿ ತೆಗೆದರು. ಒದ್ದೆ ಮರಳನ್ನು ಬಿಸಿಲಿಗೆ ಹರಡಿದರು. ತಳವನ್ನು ಒಣಗಲು ಬಿಟ್ಟರು. ಶೆಡ್ಡಿನಲ್ಲಿ ಎಣ್ಣೆ ಕಲಸಿಟ್ಟಿದ್ದ ಮರಳನ್ನು ತಂದು, ದೋಸೆ ಹಿಟ್ಟಿನಂತೆ ಒಂದೊಂದೇ ತೆಳು ಪದರ ಹಾಸಿ, ಪ್ರತಿ ಪದರವನ್ನೂ ಹಲಗೆಯಿಂದ ಬಡಿದರು. ಒಂದು ಹಲಗೆ ಇವರಿಗೆ, ಒಂದು ನನಗೆ. ಮೂಗಿಗೆ ಬಟ್ಟೆ ಕಟ್ಟಿಸಿಕೊಂಡ ಅಕ್ಕು ಕೊಡೆಯ ಕೆಳಗೆ ಕೂತು ಎಣಿಸುತ್ತಿದ್ದಳು. ಅವಳಿಗೆ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಎಷ್ಟು ಸಲ ಇಪ್ಪತ್ತಾಯಿತೋ ದೇವರೇ ಬಲ್ಲ.

"ಪೊರ್ಬುಲೆ, ನನ್ನ ಹೊಡೆತ ಸರಿ ಉಂಟಾ?"

"ನಿಮ್ಮದು ಬಡಿಯುವುದಲ್ಲ, ಮಗುವನ್ನು ತಟ್ಟಿ ಮಲಗಿಸುವುದು. ತಂಗಿಯದು ನೋಡಿ, ಸಿಟ್ಟು ಉಂಟು ಅದರಲ್ಲಿ."

ಸಿಟ್ಟು ಇತ್ತು, ನನ್ನ ಮೇಲೆಯೇ. ನಾಲ್ಕು ಗಂಟೆಗೆ ಅವರು ಉರುಳೆ ಓಡಿಸಿ, ಕುಳಿಯಿಂದ ಶುರು ಮಾಡಿ ಸುರುಳಿಯಾಗಿ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ, ತಮ್ಮ ಹೆಜ್ಜೆಯನ್ನು ತಾವೇ ಅಳಿಸುತ್ತಾ ಹಿಡಿಸೂಡಿ ಎಳೆದರು. ಅಂಚಿನಿಂದ ಹೊರಗೆ ಬಂದಾಗ ನೆಲದ ಮೇಲೆ ಒಂದು ಗುರುತೂ ಇರಲಿಲ್ಲ. ತೇಪೆ ಎಲ್ಲಿದೆಯೆಂದು ನನಗೇ ತಿಳಿಯಲಿಲ್ಲ.

ಅವರಿಗೆ ತಿಳಿದಿತ್ತು. ಶನಿವಾರ ಬೆಳಿಗ್ಗೆ, ಪಂದ್ಯ ಶುರುವಾಗುವ ಮುಂಚೆಯೇ ಕ್ಯಾಪ್ಟನ್ ಹತ್ತಿರ ಹೋಗಿ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ನಿನ್ನೆ ಏಳನೆಯದಕ್ಕೆ ನೀರು ಬಿತ್ತು, ತೇಪೆ ಹಾಕಿದ್ದೇನೆ, ತಪ್ಪು ನನ್ನದು. ಪಂದ್ಯ ನೋಡಲು ನಾವೂ ಹೋಗಿದ್ದೆವು, ಪಕ್ಕದಲ್ಲಿದ್ದ ನನಗೆ ತಡೆಯಲಾಗಲಿಲ್ಲ. "ಇಲ್ಲ ಸರ್, ನೀರು ಹಾಕಿದ್ದು ನಾನು. ಅವರು ಅಲ್ಲಿ ಇರಲೇ ಇಲ್ಲ" ಎಂದೆ. ನನ್ನದು ಕಾನ್ವೆಂಟ್ ಇಂಗ್ಲಿಷ್.

ಕ್ಯಾಪ್ಟನ್ ನಮ್ಮಿಬ್ಬರನ್ನೂ ನೋಡಿದರು. "ಹೇಳದಿದ್ದರೆ ನನಗೆ ಗೊತ್ತಾಗುತ್ತಿತ್ತೇ?"

"ಗೊತ್ತಾಗುತ್ತಿರಲಿಲ್ಲ ಸರ್" ಎಂದರು ಕಾಸ್ಮಿರಣ್ಣ. ಆ ಮಾತಿನಲ್ಲಿ ವಿನಯ ಇರಲಿಲ್ಲ.

"ಸರಿ. ನಲವತ್ತು ಜನ ಆಡಿ ಹೋಗಲಿ. ಕೊನೆಯಲ್ಲಿ ನಾನು ಬರುತ್ತೇನೆ."

ಹನ್ನೊಂದಕ್ಕೆ ಗಾಳಿ ಎದ್ದಿತು. ಗುಂಪು ಗುಂಪಾಗಿ ಬಂದರು, ಆಡಿದರು, ಆಡಿದ ಮೇಲೆ ಪದ್ಧತಿಯಂತೆ ಅಲ್ಲಿಟ್ಟಿದ್ದ ಮರದ ಬಾಚಣಿಗೆಯಿಂದ ತಾವೇ ನೆಲ ಎಳೆದು ಸರಿಮಾಡಿ ಹೋದರು. ನಾನು ದೂರದ ದಿಬ್ಬದ ಮರೆಯಲ್ಲಿ ಅಕ್ಕುವನ್ನು ಸೆರಗಿನಲ್ಲಿ ಮುಚ್ಚಿ ಕೂತು ಪ್ರತಿಯೊಂದು ಬೂಟನ್ನೂ ನೋಡುತ್ತಿದ್ದೆ. ಕಾಸ್ಮಿರಣ್ಣ ಮಾತ್ರ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರು. ಹಾರಿಬಂದ ಮರಳು ಬ್ರೌನಿನ ಮೇಲೆ ಜಾರಿ ಆಚೆ ಹೋಗುತ್ತಿತ್ತು. ಹಿಡಿದುಕೊಳ್ಳಲು ಅಲ್ಲಿ ಒಂದು ಗೀರೂ ಇರಲಿಲ್ಲ.

ಒಂದು ಗಂಟೆಗೆ ಕ್ಯಾಪ್ಟನ್ ಬಂದಾಗ ನಾನೂ ಅಕ್ಕುವನ್ನು ಎತ್ತಿಕೊಂಡು ಹತ್ತಿರ ಹೋಗಿ ನಿಂತೆ. ಕ್ಯಾಪ್ಟನ್ನರ ಚೆಂಡು ಅಂಚಿನಲ್ಲಿ ಬಿದ್ದಿತ್ತು, ಕುಳಿಗೆ ಹದಿನೈದು ಹೆಜ್ಜೆ ದೂರ. ನಡುವೆ ನಮ್ಮ ತೇಪೆ. ಅವರು ಬಗ್ಗಿ ಹೆಬ್ಬೆರಳಿನಿಂದ ನೆಲವನ್ನು ಅಲ್ಲಲ್ಲಿ ಒತ್ತಿ ನೋಡಿದರು. ಆಮೇಲೆ ಹೊಡೆದರು. ಚೆಂಡು ಗೆರೆ ಎಳೆದಂತೆ ಬಂತು. ತೇಪೆಯ ಮೇಲೆ ಕುಪ್ಪಳಿಸಲಿಲ್ಲ, ಬಾಗಲಿಲ್ಲ. ಕುಳಿಯ ಪಕ್ಕದಿಂದ ಹಾದು ಒಂದು ಗೇಣು ಮುಂದೆ ಹೋಗಿ ನಿಂತಿತು.

ಕ್ಯಾಪ್ಟನ್ ಗಟ್ಟಿಯಾಗಿ ನಕ್ಕರು. "ತಪ್ಪು ನನ್ನದು, ನೆಲದ್ದಲ್ಲ. ಏಳನೆಯದು ಇಲ್ಲೇ ಇರುತ್ತದೆ, ಕಾಸ್ಮಿರ್."

ಕಾಸ್ಮಿರಣ್ಣ ತಲೆಯಾಡಿಸಿದರು, ಅಷ್ಟೇ. ಆದರೆ ಅವರ ಕೊರಳಿನ ಶಿಲುಬೆ ಏರಿ ಇಳಿಯುವುದು ನನಗೆ ಕಂಡಿತು.

ಚೆಂಡನ್ನು ಕುಳಿಗೆ ಹಾಕಿ ಮುಗಿಸಿದ ಕ್ಯಾಪ್ಟನ್ ಆ ಮರದ ಬಾಚಣಿಗೆಗೆ ಕೈ ಹಾಕಿದವರು ತಡೆದು, ನಮ್ಮ ಹಿಡಿಸೂಡಿಯನ್ನು ತೋರಿಸಿ ಕೈ ಚಾಚಿದರು. ಆರಡಿಯ ಆಳು ಸೊಂಟ ಬಗ್ಗಿಸಿ ಉದ್ಯಾವರದ ತೆಂಗಿನ ಕಡ್ಡಿಯಿಂದ ಗುಡಿಸಲು ಶುರು ಮಾಡಿದರು, ಮುಂದೆ ಮುಂದೆ ನಡೆಯುತ್ತಾ.

"ನೋ ಸರ್!" ಕಾಸ್ಮಿರಣ್ಣನ ದನಿಗೆ ನಾನೇ ಬೆಚ್ಚಿದೆ. ಇಪ್ಪತ್ತಮೂರು ವರ್ಷಗಳಲ್ಲಿ ಅವರು ಯಾವ ಸಾಹೇಬರ ಮೇಲೂ ಹಾಗೆ ಕೂಗಿರಲಿಕ್ಕಿಲ್ಲ. "ಬ್ಯಾಕ್, ಬ್ಯಾಕ್! ಹಿಂದೆ ಹಿಂದೆ ಬರ್ಬೇಕು. ಇಲ್ಲದಿದ್ರೆ ನಿಮ್ಮದೇ ಹೆಜ್ಜೆ ಉಳಿಯುತ್ತದೆ!"

ಕ್ಯಾಪ್ಟನ್ ಒಪ್ಪಿಕೊಂಡು ಕುಳಿಗೆ ಮರಳಿ ಹೋದರು, ಬೆನ್ನು ತಿರುಗಿಸಿ, ಕಾಸ್ಮಿರಣ್ಣ ತೋರಿಸಿದಂತೆ ಸುರುಳಿ ಸುರುಳಿಯಾಗಿ ಹಿಂದೆ ಬರತೊಡಗಿದರು. ಅಂಚಿನಲ್ಲಿ ನಿಂತ ಕಾಸ್ಮಿರಣ್ಣ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದರು. ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಆಗಲೇ ಉದ್ಯಾವರಕ್ಕೆ ರಿಂಗ್ ಹೋಗುತ್ತಿತ್ತು.

"ಬರ್ನಡೆಟ್? ಊಟ ಆಮೇಲೆ. ಏಳನೆಯದರ ಬಗ್ಗೆ ಕೇಳು ಮೊದಲು."