ನಾನು ನುಂಗಿದ ಮೂರಕ್ಷರ

ಮೊದಲು ಬಿಗಿಯಾದದ್ದು ಅಕ್ಕನ ಲಂಗದ ಲಾಡಿ. ಕೈಕಾಲು ಸೊರಗುತ್ತಿದ್ದವು, ಹೊಟ್ಟೆ ಮಾತ್ರ ಉಬ್ಬುತ್ತಿತ್ತು. "ಗ್ಯಾಸ್ ಕಣೇ, ಓಮದ ನೀರು ಕುಡಿದ್ರೆ ಹೋಗುತ್ತೆ" ಅಂದಳು. ಎರಡು ತಿಂಗಳು ಕುಡಿದಳು. ಹೋಗಲಿಲ್ಲ.

ಅಕ್ಕ ವಿಶಾಲಾಕ್ಷಿ ಯಲಹಂಕದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರು. ಮದುವೆಯಾಗಲಿಲ್ಲ. ಅಪ್ಪ, ಅಮ್ಮ ಹೋದ ಮೇಲೆ ನನ್ನನ್ನು ಓದಿಸಿ, ಕೈಗಡಿಯಾರದ ಫ್ಯಾಕ್ಟರಿಯಲ್ಲಿ ಕೆಲಸ ಸಿಗುವವರೆಗೂ ಬೆನ್ನಿಗೆ ನಿಂತವಳು. ಉದ್ದನೆಯ ಇಂಗ್ಲಿಷ್ ಪದ ಕಂಡರೆ ಬೆವರುತ್ತಿದ್ದ ಕನ್ನಡ ಮೀಡಿಯಂ ಮಕ್ಕಳಿಗೆ ಅವಳು ಪದಗಳನ್ನು ಬಿಡಿಸಿ ಕಲಿಸುತ್ತಿದ್ದಳು. 'ಟೆಲಿ' ಅಂದರೆ ದೂರ, 'ಫೋನ್' ಅಂದರೆ ದನಿ, ಎರಡೂ ಗ್ರೀಕ್. 'ಮ್ಯಾನು' ಅಂದರೆ ಕೈ, ಅದು ಲ್ಯಾಟಿನ್. "ಹಲಸಿನ ಹಣ್ಣು ಇದ್ದಂಗೆ ಕಣ್ರೋ. ಹೊರಗಿಂದ ನೋಡಿದ್ರೆ ಭಯ. ಬಿಡಿಸಿದ್ರೆ ತೊಳೆ ತೊಳೆ." ನಾನೂ ಹಾಗೇ ಕಲಿತವಳು.

ಎಂಬತ್ತಮೂರರ ಮಳೆಗಾಲದಲ್ಲಿ ಒಂದು ದಿನ ಪಾಠದ ನಡುವೆ ಕುಸಿದು ಕೂತಳು. ಊರಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಸಿಟಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಆಪರೇಷನ್ ಮಾಡಿದರು. ಬಯಾಪ್ಸಿಗೆ ಕಳಿಸಿದರು. ವಾರದ ಮೇಲೆ ಸರ್ಜನ್ ನನ್ನೊಬ್ಬಳನ್ನೇ ಕರೆದು ಕಾಗದ ಕೊಟ್ಟರು.

ಅಡಿನೋಕಾರ್ಸಿನೋಮಾ.

ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಅಡಿನೋ ಅಂದರೆ ಗ್ರಂಥಿ. ಓಮಾ ಅಂದರೆ ಗಡ್ಡೆ. ನಡುವಿನದು ಏನೆಂದು ಗೊತ್ತಿತ್ತು.

"ಓವರಿಯಿಂದ ಹೊಟ್ಟೆಯೆಲ್ಲ ಹರಡಿದೆಯಮ್ಮ. ಅವರಿಗೆ ಹೇಳ್ಬೇಡಿ, ಧೈರ್ಯ ಕಳ್ಕೋತಾರೆ" ಅಂದರು ಸರ್ಜನ್.

ಕಾಗದವನ್ನು ಮಡಚಿ ಬ್ಯಾಗಿನೊಳಗಿಟ್ಟು ವಾರ್ಡಿಗೆ ಬಂದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು.

"ರಿಪೋರ್ಟ್ ಬಂತಾ ಸುಶೀ?"

"ಆಫೀಸಲ್ಲೇ ಇಟ್ಕೊಂಡ್ರು."

"ಏನಂತ ಬರ್ದಿತ್ತು?"

"ಅಡಿನೋಮಾ."

ನಡುವಿನ ಮೂರಕ್ಷರ ನುಂಗಿದ್ದೆ. ಅಡಿನೋಮಾ ಅಂದರೆ ಬರೀ ಗಡ್ಡೆ, ತೆಗೆದರೆ ಮುಗಿಯಿತು. ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಸರಿ ಬಿಡು. ಊಟ ಮಾಡಿದ್ಯಾ?" ಅಂದಳು.

ಮನೆಗೆ ಕರೆತಂದೆ. ಫ್ಯಾಕ್ಟರಿಗೆ ರಜೆ ಹಾಕಿದೆ. ಗಂಜಿ, ಮಾತ್ರೆ, ವಾರಕ್ಕೊಮ್ಮೆ ಇಂಜೆಕ್ಷನ್‌ಗೆ ಬಸ್ಸು. ವಾಪಸ್ ಬರುವಾಗ ಹೆಬ್ಬಾಳದ ಕೆರೆ ದಾಟುವಷ್ಟರಲ್ಲಿ ಅವಳಿಗೆ ವಾಂತಿ ಶುರುವಾಗುತ್ತಿತ್ತು. ನಾನು ಪ್ರತಿ ಸಲವೂ "ವಾಸಿಯಾಗ್ತಿದೆ" ಅನ್ನುತ್ತಿದ್ದೆ. ಅವಳು ಹೂಂಗುಟ್ಟುತ್ತಿದ್ದಳು. ಒಂದೇ ಸೂರಿನಡಿ ಇಪ್ಪತ್ತು ವರ್ಷ ಬದುಕಿದ ನಾವು ಆ ದಿನಗಳಲ್ಲಿ ಬಂದುಹೋಗುವ ನೆಂಟರಂತೆ, ನೋಯಿಸದ ಮಾತುಗಳನ್ನಷ್ಟೇ ಹುಡುಕಿ ಆಡುತ್ತಿದ್ದೆವು.

ಮಕ್ಕಳಿಗಾಗಿ ಅವಳೊಂದು ನೋಟ್‌ಬುಕ್ಕಿನಲ್ಲಿ ಪದಗಳ ತುಂಡುಗಳನ್ನು ಕನ್ನಡದ ಅರ್ಥದೊಂದಿಗೆ ಬರೆಯುತ್ತಿದ್ದಳು. ಕೈ ನಡುಗತೊಡಗಿದ ಮೇಲೆ ಅವಳು ಹೇಳುವುದು, ನಾನು ಬರೆಯುವುದು. ಒಂದು ಮಧ್ಯಾಹ್ನ 'ಕಾರ್ಡಿಯೋ, ಹೃದಯ' ಅಂತ ಬರೆಸಿ ಸುಧಾರಿಸಿಕೊಂಡಳು.

"ಮುಂದೆ ಬರಿ. ಕಾರ್ಸಿನೋ. ಏಡಿ. ನಮ್ಮ ಕರ್ಕಾಟಕ ರಾಶಿ ಇದೆಯಲ್ಲ, ಅದಕ್ಕೂ ಇದಕ್ಕೂ ನೆಂಟಸ್ತಿಕೆ. ಗಡ್ಡೆ ಸುತ್ತ ನರಗಳು ಏಡಿ ಕಾಲಿನ ಥರ ಹರಡಿದ್ವಂತೆ, ಅದಕ್ಕೇ ಆ ಹೆಸರು."

ನನ್ನ ಪೆನ್ನು ನಿಂತಿತು.

"ಬರಿಯೇ. ಮಕ್ಕಳಿಗೆ ಬೇಕಾಗುತ್ತೆ."

"ಅಕ್ಕಾ, ನಿಂಗೆ ಗೊತ್ತಿತ್ತಾ?"

"ಮಂಚದ ಕಾಲಿಗೆ ಕೇಸ್ ಶೀಟ್ ತೂಗಿಹಾಕಿದ್ರಲ್ಲ. ನೀನು ಡಾಕ್ಟರ್ ಹತ್ರ ಹೋಗಿದ್ದಾಗ ನರ್ಸ್ ಅದ್ರಲ್ಲಿ ರೋಗದ ಹೆಸ್ರು ಬರ್ದು ಹೋದ್ಲು. ಎದ್ದು ಓದ್ದೆ."

"ಮತ್ಯಾಕೆ ನನ್ನ ಕೇಳ್ದೆ?"

"ನೀನೊಬ್ಳೇ ಹೊತ್ಕೊತೀಯೋ, ನಂಗೂ ಸ್ವಲ್ಪ ಕೊಡ್ತೀಯೋ ನೋಡೋಣ ಅಂತ."

ಪುಸ್ತಕ ಬಿದ್ದುಹೋಯಿತು. ಅಷ್ಟು ದಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದವಳು ಅವಳ ಮಡಿಲಿಗೇ ತಲೆಯಿಟ್ಟು ಅತ್ತೆ. ಉಬ್ಬಿದ ಹೊಟ್ಟೆ ಕೆನ್ನೆಗೆ ತಾಗುತ್ತಿತ್ತು. ಅವಳೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನಂಗೆ ಭಯ ಆಗ್ತಿದೆ ಸುಶೀ. ಯಾರ ಹತ್ರ ಹೇಳ್ಕೊಳ್ಳೋದು ಅಂತ ಗೊತ್ತಾಗ್ತಿರ್ಲಿಲ್ಲ" ಅಂದಳು.

ಧೈರ್ಯ ಕೆಡಬಾರದೆಂದು ಸುಳ್ಳು ಹೇಳಿದ್ದೆ. ಅದರಿಂದ ಅವಳು ತನ್ನ ಭಯದ ಜೊತೆ ಒಂಟಿಯಾದಳು.

ಅಲ್ಲಿಂದ ಏಳು ವಾರ ಇದ್ದಳು. ನೋವಾದಾಗ ನೋವು ಅಂದಳು. ತನ್ನ ನೀಲಿ ಮೈಸೂರು ರೇಷ್ಮೆ ನನಗೇ ಇರಲಿ, ಬೆಂಕಿಗೆ ಕೊಡಬೇಡ ಅಂದಳು. "ಒಬ್ಳೇ ಇರ್ಬೇಡ, ಸಾಧ್ಯವಾದ್ರೆ ಮದ್ವೆಯಾಗು. ಆಗ್ದಿದ್ರೂ ಪರ್ವಾಗಿಲ್ಲ, ಚೆನ್ನಾಗಿ ಊಟ ಮಾಡು" ಅಂದಳು. ಕೆಲವು ಸಂಜೆ ಹಳೆಯದನ್ನೆಲ್ಲ ನೆನೆದು ಇಬ್ಬರೂ ನಕ್ಕಿದ್ದೂ ಉಂಟು. ಸಂಕ್ರಾಂತಿಗೆ ಒಂದು ವಾರ ಇರುವಾಗ, ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ, ಹೋದಳು. ಕರೆದಳೋ ಏನೋ, ಸ್ಟೌವಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅದೊಂದು ಕೊರಗು ಇದ್ದೇ ಇರುತ್ತದೆ.

ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ಹೇಳಬೇಡಿ ಅಂದ ಸರ್ಜನ್ ಮೇಲೆ ಸಿಟ್ಟಿಲ್ಲ, ಅವರಿಗೆ ಕಂಡ ದಯೆ ಅದು. ಏಳು ವಾರ ಸಾಲದು. ಆದರೆ ಅಷ್ಟು ದಿನವಾದರೂ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು.