ಅರ್ಧ ಹೆಣೆದ ಪೊಂಚೊ

ಬೆವರು ಒರೆಸಲು ಒಂದು ಬೈರಾಸು ಸಾಲದ ಈ ಮಂಗಳೂರಿನಲ್ಲಿ ನನ್ನ ಹೆಂಡತಿ ಉಲ್ಲನ್ ಹೆಣೆಯುವ ಕ್ಲಾಸು ನಡೆಸುತ್ತಿದ್ದಳು. ಕಾವೂರಿನ ನಮ್ಮ ಮನೆಯ ಚಾವಡಿಯಲ್ಲಿ ಫ್ಯಾನನ್ನು ಪೂರ್ತಿ ಜೋರಿಗೆ ತಿರುಗಿಸಿ, ಏಳೆಂಟು ಹೆಂಗಸರು ತೊಡೆಯ ಮೇಲೆ ಕಂಬಳಿಯಂಥದ್ದನ್ನು ಹರಡಿಕೊಂಡು ಕೂತಿರುತ್ತಿದ್ದರು. ಅದನ್ನು ನೋಡಿದ ದಿನದಿಂದ ಹಾಲಿನವನಿಗೆ ನಮ್ಮ ಕುಟುಂಬದ ಮೇಲಿದ್ದ ಗೌರವ ಸ್ವಲ್ಪ ಇಳಿದದ್ದನ್ನು ನಾನು ಗಮನಿಸಿದ್ದೇನೆ.

ಆದರೆ ಗಿರಾಕಿಗಳಿಗೆ ಕೊರತೆ ಇರಲಿಲ್ಲ. ಗಲ್ಫಿನಲ್ಲಿ ಹೊರಗೆ ಬೆಂಕಿ, ಆಫೀಸಿನೊಳಗೆ ಮಂಜು. ಅಲ್ಲಿ ಏಸಿಯ ಕೆಳಗೆ ಕೂರುವ ಮಗಳಿಗೋ ಸೊಸೆಗೋ ಭುಜ ಮುಚ್ಚುವಷ್ಟು ಉದ್ದದ ಒಂದು ಕೇಪ್ಲೆಟ್ ಬೇಕೇ ಬೇಕು. ತೋಳು ಹೆಣೆಯುವ ತಾಪತ್ರಯ ಇಲ್ಲದ್ದರಿಂದ ಕಲಿಯುವವರಿಗೂ ಅದು ಅನುಕೂಲ. ಅವಳ ಪಾಠಕ್ಕೆ ಒಂದು ಕ್ರಮ ಇತ್ತು. ಹೊಸಬರಿಗೆ ಪೊಂಚೊ: ಎರಡು ಉದ್ದ ಚೌಕ ಹೆಣೆದು, ತಲೆ ತೂರುವಷ್ಟು ಜಾಗ ಬಿಟ್ಟು ಜೋಡಿಸಿದರೆ ಮುಗಿಯಿತು. ಕೈ ಪಳಗಿದ ಮೇಲೆ ಕುತ್ತಿಗೆಯಿಂದ ಶುರುವಾಗಿ ಸುತ್ತುತ್ತಾ ಅಗಲವಾಗುವ ಕೇಪ್ಲೆಟ್. ಅದರಾಚೆಗೆ ಜಾಲರಿ, ಜಾಲರಿಯಲ್ಲಿ ಎಲೆ, ಎಲೆಯಲ್ಲಿ ನರ. ಪಡೀಲಿನಿಂದ ಬರುತ್ತಿದ್ದ ನಿವೃತ್ತ ಟೀಚರಮ್ಮ ಒಬ್ಬರು ಜಾಲರಿಯವರೆಗೆ ತಲುಪಿದ್ದರು. ನಂತೂರಿನ ಟ್ರಾಫಿಕ್ಕಿನಲ್ಲಿ ಬಸ್ಸು ಅಷ್ಟು ಹೊತ್ತು ನಿಲ್ಲದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು. ನಾನೂ ಒಂದು ಮಳೆಗಾಲ ಕಲಿಯಲು ಕೂತು, ನೇರ ಸಾಲಿನಲ್ಲೇ ವಿದ್ಯಾಭ್ಯಾಸ ನಿಲ್ಲಿಸಿದೆ.

ನನ್ನ ಹೆಂಡತಿಗೆ ಒಂದೇ ಒಂದು ದೌರ್ಬಲ್ಯ. ಜಾರಿದ ಕುಣಿಕೆಯನ್ನು ಕಂಡೂ ಕಾಣದ ಹಾಗೆ ಇರಲು ಅವಳಿಂದ ಆಗುತ್ತಿರಲಿಲ್ಲ. ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದರೆ ಅದರ ಕೆಳಗಿನದೂ ಬಿಚ್ಚುತ್ತದೆ, ಮತ್ತೆ ಅದರ ಕೆಳಗಿನದು. ಏಣಿಯ ಹಾಗೆ ಬುಡದವರೆಗೆ ಇಳಿಯುತ್ತದೆ. ಒಮ್ಮೆ ಏಸಿ ಇದ್ದ ಕಲ್ಯಾಣಮಂಟಪದ ಮದುವೆಯೊಂದರಲ್ಲಿ, ನಮ್ಮ ಮುಂದೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದ ಗುರುತಿಲ್ಲದ ಹೆಂಗಸಿನ ಶಾಲಿನಲ್ಲಿ ಅಂಥದ್ದೊಂದು ಕಂಡಿತು. ಇವಳು ಪರ್ಸಿನಿಂದ ತುದಿಗೆ ಕೊಕ್ಕೆಯಿರುವ ಕ್ರೋಶಾ ಕಡ್ಡಿ ತೆಗೆದು ಹಿಂದಿನಿಂದಲೇ ಶಸ್ತ್ರಚಿಕಿತ್ಸೆ ಶುರು ಮಾಡಿದಳು. ನಾನು ಆ ಮಂಟಪದ ಸೀಲಿಂಗನ್ನು ಬಹಳ ಆಸಕ್ತಿಯಿಂದ ಅಧ್ಯಯನ ಮಾಡಿದೆ. ಬರುವಾಗ ದಾರಿಯಲ್ಲಿ ಕೇಳಿದ್ದಕ್ಕೆ, "ಹಾಗೇ ಬಿಟ್ಟು ಬಂದ್ರೆ ನಂಗೆ ನಿದ್ರೆ ಬರ್ಲಿಕ್ಕಿಲ್ಲ" ಅಂದಳು.

ಬಸ್ಸಿನ ಏಸಿಗೆ ಭುಜ ಹಿಡಿಯುತ್ತದೆ ಎಂದು ನಾನು ಒಮ್ಮೆ ಗೊಣಗಿದ್ದಕ್ಕೆ, ಕಳೆದ ಬೇಸಿಗೆಯಲ್ಲಿ ನನಗೊಂದು ಬೂದು ಪೊಂಚೊ ಹೆಣೆಯಲು ಹಿಡಿದಳು. ಎಲೆ, ನರ ಎಲ್ಲ ಬಲ್ಲವಳು ನನಗೆ ಮಾತ್ರ ಹೊಸಬರ ಎರಡು ಚೌಕ ಯಾಕೆ ಎಂದು ವಿಚಾರಿಸಿದೆ. "ನಿಮ್ಮ ಹೊಟ್ಟೆ ಎಷ್ಟು ಬೇಕಾದ್ರೂ ಬೆಳೀಲಿ, ಇದು ಸುಧಾರಿಸ್ತದೆ" ಅಂದಳು. ಒಂದು ಚೌಕ ಮುಗಿಯಿತು. ಎರಡನೆಯದು ಅರ್ಧವಾದಾಗ ಎದೆ ನೋವೆಂದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಣಿಗೆ ಕುರ್ಚಿಯ ಮೇಲೆ ಕಡ್ಡಿಯ ಸಮೇತ ಉಳಿಯಿತು. ಅವಳು ತಿರುಗಿ ಬರಲಿಲ್ಲ.

ನಮ್ಮ ತುಳುವರ ಆಷಾಢವಾದ ಆಟಿ ತಿಂಗಳು ಬಂತು. ತೀರಿಕೊಂಡವರಿಗೆ ಅವರ ಇಷ್ಟದ್ದನ್ನು ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಹಾಕಿ, ಹೊರಗೆ ಕಾಯುವುದು ನಮ್ಮ ಕ್ರಮ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಎಂಬುದನ್ನು ನಾಲ್ಕು ಜನರೆದುರು ಘೋಷಿಸಿದವನು ನಾನು. ಆದರೂ ನನ್ನ ಅಕ್ಕ ಕೋಳಿ, ಗರಿಗರಿ ರೊಟ್ಟಿ, ಒಣಸಿಗಡಿ ಚಟ್ನಿ ಎಲ್ಲ ಎಲೆಗೆ ಹಾಕುವ ಹೊತ್ತಿಗೆ ಆ ಹೆಣಿಗೆಯನ್ನು ತಂದು ಪಕ್ಕದಲ್ಲಿಟ್ಟೆ. ಅಕ್ಕ ಸೌಟು ನಿಲ್ಲಿಸಿದಳು.

"ಕಡ್ಡಿ ಕಬ್ಬಿಣದ್ದಲ್ವಾ? ಕಬ್ಬಿಣ ಇದ್ದಲ್ಲಿಗೆ ಅವಳು ಬರುದುಂಟಾ?"

ಅದು ಸ್ಟೀಲೆಂದು ವಾದಿಸಿದೆ.

"ಸ್ಟೀಲ್ ಎಂತ ಆಕಾಶದಿಂದ ಬಿದ್ದದ್ದಾ? ಅದೂ ಕಬ್ಬಿಣದ್ದೇ ಮರಿ. ತೆಗಿ ಮಾರಾಯ."

ಕಡ್ಡಿ ಎಳೆದರೆ ಅವಳು ಹೆಣೆದ ಕೊನೆಯ ಸಾಲೇ ಬಿಚ್ಚಿಹೋಗುತ್ತದೆ. ಕಡ್ಡಿ ಇದ್ದರೆ ಅವಳು ಬರುವುದಿಲ್ಲ. ನಂಬಿಕೆ ಇಲ್ಲದ ಮನುಷ್ಯ ಇಂಥ ಸಂದಿಗ್ಧದಲ್ಲಿ ಬೆವರಬಾರದು, ನಾನು ಬೆವರಿದೆ. ಕೊನೆಗೆ ಹಿತ್ತಿಲಿಗೆ ಹೋಗಿ ತೆಂಗಿನ ಹಸಿ ಗರಿ ಸೀಳಿ, ನಡುವಿನ ಕಡ್ಡಿಯನ್ನು ನಯವಾಗಿ ಹೆರೆದು ತಂದೆ. ಒಂದೊಂದೇ ಕುಣಿಕೆಯನ್ನು ಸ್ಟೀಲಿನಿಂದ ಅದಕ್ಕೆ ದಾಟಿಸತೊಡಗಿದೆ. ಊಟಕ್ಕೆಂದು ಕರೆದಿದ್ದ ಟೀಚರಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಮುಗಿಯುತ್ತಾ ಬಂದಾಗ ಒಂದು ಕುಣಿಕೆ ಜಾರಿತು. ಏಣಿ ಮೂರು ನಾಲ್ಕು ಮೆಟ್ಟಿಲು ಇಳಿಯಿತು.

ಟೀಚರಮ್ಮ ಆಗಲೇ ಚೀಲದಿಂದ ಪ್ಲಾಸ್ಟಿಕ್ಕಿನ ಕ್ರೋಶಾ ಕಡ್ಡಿ ತೆಗೆದಿದ್ದರು. "ಕೊಡಿ ಇಲ್ಲಿ, ಒಂದು ನಿಮಿಷದ ಕೆಲಸ."

"ಬೇಡ," ಅಂದೆ. "ಅದು ಹಾಗೇ ಇರ್ಲಿ. ಅವಳು ಕಂಡ್ರೆ ಬಿಡುವವಳಲ್ಲ."

ಅವರು ನನ್ನ ಮುಖ ನೋಡಿದರು. ಆ ಕ್ರೋಶಾ ಕಡ್ಡಿಯನ್ನು ಹೆಣಿಗೆಯ ಪಕ್ಕದಲ್ಲಿಟ್ಟರು. ಪ್ಲಾಸ್ಟಿಕ್ಕಿನ ಬಗ್ಗೆ ಹಿರಿಯರು ಯಾವ ಆಕ್ಷೇಪವನ್ನೂ ಹೇಳಿಹೋಗದ್ದರಿಂದ ಅಕ್ಕನೂ ಮತ್ತೆ ಸೌಟು ಎತ್ತಿಕೊಂಡಳು.

ಬಾಗಿಲು ಹಾಕಿ ಚಾವಡಿಯಲ್ಲಿ ಕೂತೆವು. ಹೆಂಚಿನ ಮೇಲೆ ಮಳೆ ಬೀಳುತ್ತಿತ್ತು. ಒಳಗಿನಿಂದ ಬಳೆಯ ಸದ್ದು ಬರಬಹುದೇ ಎಂದು, ಸುಳ್ಳು ಯಾಕೆ ಹೇಳಲಿ, ನಾನು ಕಿವಿಯಾನಿಸಿದ್ದೆ.

ಅಕ್ಕ ಕೆಮ್ಮಿ, ಬಾಗಿಲು ತಟ್ಟಿ ತೆರೆದಳು. ರೊಟ್ಟಿಯ ಒಂದು ಮೂಲೆ ಮುರಿದಿತ್ತು. ಅಕ್ಕ ಅದನ್ನು ಎಲ್ಲರಿಗೂ ತೋರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಂದಿದ್ದಾಳೆ, ನೋಡು."

ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ. ಕ್ರೋಶಾ ಕಡ್ಡಿ ಇಟ್ಟಲ್ಲೇ ಇತ್ತು. ಜಾರಿದ ಕುಣಿಕೆ ಬಾಯಿ ತೆರೆದುಕೊಂಡು ಹಾಗೆಯೇ ಇತ್ತು. ಗುರುತಿಲ್ಲದವರ ಶಾಲನ್ನೇ ಬಿಡದವಳು ಇದನ್ನು ನೋಡಿಯೂ ರೊಟ್ಟಿ ತಿಂದು ಹೋದಳೆಂದರೆ ಬೇರೆ ಯಾರಾದರೂ ನಂಬಬಹುದು, ನಾನಲ್ಲ.

"ಹೌದಕ್ಕ," ಅಂದೆ. "ಬಂದಿದ್ದಾಳೆ."

ಎಲ್ಲರ ಊಟ ಮುಗಿದ ಮೇಲೆ ಹೆಣಿಗೆಯನ್ನೂ ಕ್ರೋಶಾ ಕಡ್ಡಿಯನ್ನೂ ತಂದು ಟೀಚರಮ್ಮನ ಕೈಗೆ ಕೊಟ್ಟೆ. ಅವರು ದೀಪದ ಹತ್ತಿರ ಕೂತು ಒಂದೊಂದೇ ಮೆಟ್ಟಿಲು ಮೇಲೆ ತಂದರು. ಹೇಳಿದ ಹಾಗೆ ಒಂದು ನಿಮಿಷದ ಕೆಲಸವೇ ಆಗಿತ್ತು.