ಶುಕ್ರವಾರದ ಎಣ್ಣಿ ತಲಿ

ವಾರದಾಗ ಆರು ದಿನ ನಮ್ಮ ನರ್ಸಬಾಯಿ ತಲಿ ಒಣಾ ಜ್ವಾಳದ ಕಣಕಿ ಸಿವುಡು ಬಿಚ್ಚಿ ಇಟ್ಟಂಗ ಇರ್ತಿತ್ತು. ಶುಕ್ರವಾರ ಬಂತಂದ್ರ ಮಾತ್ರ ಮಿಂಚ್ತಿತ್ತು. ಕೊಬ್ಬರಿ ಎಣ್ಣಿ ಹಚ್ಚಿ, ನಡು ಬೈತಲಿ ತಗದು, ಒಂದು ಕೂದಲಾನೂ ಹಾರಲಾರದಂಗ ಬಾಚಿ ಗಂಟು ಕಟ್ಟಿ, ಮಾರಿ ತೊಳಕೊಂಡು ಪೌಡರ್ ಹಚ್ಕೊಂಡು ಬರ್ತಿದ್ರು. ಮುಂಜಾನಿ ಬಿಸಲು ಆ ತಲಿ ಮ್ಯಾಲ ಬಿದ್ರ ನನ್ನ ಕಡಾಯಿ ಎಣ್ಣಿಕಿಂತ ಹೆಚ್ಚು ಹೊಳೀತಿತ್ತು.

ನನ್ನ ಕಡಾಯಿ ಅಂದ್ರ ಗೊಬ್ಬೂರಾಗ ಬಸ್ ನಿಲ್ಲೂ ಜಾಗಾದಾಗ, ದವಾಖಾನಿ ಎದುರಿಗಿರೂ ಮಿರ್ಚಿ ಭಜಿ ಅಂಗಡಿ. ಅಫಜಲಪುರದಿಂದ ಜೇವರ್ಗಿತನ ಯಾರಿಗರ ಕೇಳ್ರಿ, ನನ್ನ ಮಿರ್ಚಿ ತಿನ್ನಲಾರದ ಮನುಷ್ಯ ಸಿಗಂಗಿಲ್ಲ. ಆಳಂದದ ಮಂದಿ ಎರಡು ಬಸ್ ಬದಲಿ ಮಾಡಿ ಬರ್ತಾರ. ಸುಳ್ಳು ಅನ್ನೋರು ಒಮ್ಮಿ ಬಂದು ತಿಂದು ಹೋಗ್ರಿ, ಆಮ್ಯಾಲ ಮಾತಾಡೋಣು.

ಭಜಿ ಕರಿಯೂದು ಹೊಟ್ಟಿಪಾಡು. ಮಂದಿಗಿ ಕಾಡೂದು ನನ್ನ ಖರೆ ಉದ್ಯೋಗ. ಬಾಜೂಕ ಚಾದಂಗಡಿ ಚಾಚಾಗ ಮೆಣಸಿನಕಾಯಿ ಬದಲಿ ಪೆನ್ಸಿಲ್ ಇಟ್ಟು ಕರದು ಕೊಟ್ಟವ ನಾ. ಅವರು ಕಡದು, ಹಲ್ಲು ಹಿಡ್ಕೊಂಡು, "ಬೇಟಾ, ಇದರ ಮ್ಯಾಲೆ ನಂಬರ್ ಬರದದ, ಓದ್ಲಿ ಏನು?" ಅಂದಿದ್ರು. ಮೂರು ದಿನ ನನ್ನ ಚಾಕ್ಕ ಉಪ್ಪು ಹಾಕಿ ಸೇಡು ತೀರ್ಸ್ಕೊಂಡ್ರು. ಇಂಥಾ ಊರಾಗ, ಇಂಥಾ ನನ್ನ ಎದುರಿಗಿ, ವರ್ಗಾ ಆಗಿ ಬಂದವರು ನರ್ಸಬಾಯಿ. ಮೊದಲ ಆಳಂದ ಕಡೆ ಕಿಣ್ಣಿ ಸುಲ್ತಾನದಾಗ ಇದ್ರಂತ. ಹುಟ್ಟೂರು ಜೇವರ್ಗಿ ತಾಲ್ಲೂಕಿನಾಗ, ಅಂದೋಲಾ ದಾಟಿ ಹೋಗಬೇಕು. ಮದಿವಿ ಆಗಿದ್ದಿಲ್ಲ. ಗೊಬ್ಬೂರಾಗ ಆಗ ಕ್ರಿಶ್ಚನ್ ಅಂತ ಇದ್ದವರು ಅವರೊಬ್ಬರೇ.

ಈಗ ಆ ತಲಿ ವಿಷಯ. ನನಗ ನಿದ್ದಿ ಹತ್ತವಲ್ದು. ಶುಕ್ರವಾರಕ್ಕೇ ಯಾಕ ಎಣ್ಣಿ? ಮದಿವಿಗಿ ಹೊಂಟಾರಂದ್ರ ಪ್ರತಿ ವಾರ ಯಾರ ಮದಿವಿ ಇರ್ತದ? ನಮ್ಮಾಕಿಗಿ ಕೇಳಿದೆ.

"ನಿಮಗ್ಯಾಕ ಬೇಕ್ರಿ ಮಂದಿ ತಲಿ?" ಅಂದ್ಲು. "ನಿಮ್ಮ ತಲಿ ಮ್ಯಾಲ ನಾಕು ಕೂದಲ ಉಳದಾವ, ಅವನ್ನರ ನೋಡ್ಕೋರಿ."

ಹಂಗಂತ ಬಿಡೂ ಮನುಷ್ಯ ಅಲ್ಲ ನಾ. ಒಂದು ಶುಕ್ರವಾರ ಬಿಸಿಬಿಸಿ ಮಿರ್ಚಿ ಕಾಗದದಾಗ ಕಟ್ಕೊಂಡು ನಾನೇ ದವಾಖಾನಿಗಿ ಹೋದೆ. ನರ್ಸಬಾಯಿ ನಕ್ಕು, "ಇವತ್ತ ಬ್ಯಾಡ ಅಣ್ಣಾ, ನಾಳಿ ಕೊಡ್ರಿ" ಅಂದ್ರು. ಮುಂದಿನ ಶುಕ್ರವಾರ ಮತ್ತ ಹೋದೆ. ಮತ್ತ ಅದೇ ಮಾತು. ಶನಿವಾರ ಕೊಟ್ರ ಎರಡು ತಿಂದು ಮೂರನೇದಕ್ಕ ಕೈ ಚಾಚ್ತಿದ್ರು. ಆಗ ಗೊತ್ತಾತು: ಶುಕ್ರವಾರ ಬಾಯಿ ಉಪಾಸ. ಸಂಜಿ ಪ್ರಾರ್ಥನಾ ಆಗೂತನ ಬರೇ ನೀರು.

ಗೊತ್ತಾದ ಮ್ಯಾಲಂತೂ ಇನ್ನಾ ತಲಿ ಕೆಡ್ತು. ಉಪಾಸ ಇದ್ದವರು ಹಿಂಗಿರ್ತಾರೇನ್ರಿ? ನಾವೂ ಶ್ರಾವಣ ಸೋಮವಾರ ಮಾಡ್ತೇವಿ. ಸಾಬೂದಾನಿ, ಶೇಂಗಾ ಉಂಡಿ, ಅರ್ಧ ಡಜನ್ ಬಾಳೆಹಣ್ಣು, ಮ್ಯಾಲ ಕೆನಿ ಹಾಲು. ಇಷ್ಟು ತಿಂದೂ ಮಾರಿ ಜೋಲು ಹಾಕ್ಕೊಂಡು, ಹೋಗಿ ಬರೋರಿಗೆಲ್ಲಾ "ಇವತ್ತ ಉಪಾಸ ಅದರಿ" ಅಂತ ನರಳ್ತೇವಿ. ಈ ಬಾಯಿ ನೋಡಿದ್ರ ಹೊಟ್ಟಿ ಖಾಲಿ ಇದ್ದ ದಿನಾನೇ ಮದುಮಗಳಂಗ ತಯಾರ್ ಆಗಿ ಬರ್ತಾರ.

ಕೇಳೇಬಿಟ್ಟೆ. ಇಂಜೆಕ್ಷನ್ ಡಬ್ಬಿ ಒರಸ್ತಾ ಹೇಳಿದ್ರು: "ನಮ್ಮ ಸ್ವಾಮಿ ಹೇಳಿದ್ದು ಹಂಗೇ ಅದ ಅಣ್ಣಾ, ತಲಿಗಿ ಎಣ್ಣಿ ಹಚ್ರಿ, ಮಾರಿ ತೊಳಕೋರಿ ಅಂತ. ಉಪಾಸ ಮಂದಿಗಿ ಕಾಣಬಾರದು. ಕಂಡ್ರ, ಮಂದಿ 'ಅಬಾಬಾ' ಅಂತಾರ, ಅಲ್ಲಿಗೇ ನಮ್ಮ ಪಗಾರ ಮುಟ್ಟಿಬಿಡ್ತದ. ಮ್ಯಾಲಿನವನ ಹಂತ್ಯಾಕ ಏನೂ ಉಳಿಯಂಗಿಲ್ಲ."

"ಈಗ ನನಗ ಗೊತ್ತಾತಲ್ಲ?"

"ಅದಕ್ಕೇ ನಿಮ್ಮ ಬಾಯಿ ಜರಾ ಮುಚ್ಕೊಂಡಿರ್ರಿ."

ಇದು ನನಗ ಹೇಳೂ ಮಾತೇನ್ರಿ? ಮಧ್ಯಾಹ್ನದ ಒಳಗ ಬಸ್ ಕಾಯೋರಿಗೆಲ್ಲಾ ಮುಟ್ಟಿಸಿದೆ. ಮುಂದಿನ ಶುಕ್ರವಾರದಿಂದ ಕಡಾಯಿ ಎತ್ತಿ ಗಾಳಿ ದಿಕ್ಕು ನೋಡಿ ಇಡಾಕತ್ತಿದೆ, ವಾಸನಿ ಸೀದಾ ದವಾಖಾನಿ ಕಿಡಕ್ಯಾಗ ಹೋಗಬೇಕಂತ. ಮ್ಯಾಲ ರಟ್ಟಿನ ತುಂಡು ಹಿಡ್ದು ಬೀಸ್ತಿದ್ದೆ. ಬಾಯಿ ಕಿಡಕಿ ಮುಚ್ತಾರಂತ ನಾ ಕಾದ್ರ, ಅವರು ತಲಿ ಹೊರಗ ಹಾಕಿ, "ಅಣ್ಣಾ, ಇವತ್ತ ಅಜವಾನ ಕಮ್ಮಿ ಬಿದ್ದದ" ಅಂದ್ರು. ಹಿಟ್ಟು ನೆಕ್ಕಿ ನೋಡಿದೆ. ಖರೆನೇ ಕಮ್ಮಿ ಬಿದ್ದಿತ್ತು.

ಇನ್ನೊಂದು ಗುಮಾನಿ ಉಳದಿತ್ತು. ಶುಕ್ರವಾರ ಬಾಯಿ ಕೈಯಾಗ ತುಂಬಿದ ಊಟದ ಡಬ್ಬಿ ಒಳಗ ಹೋಗ್ತಿತ್ತು, ಸಂಜಿಗಿ ಖಾಲಿ ಆಗಿ ಅಲ್ಲಾಡ್ತಾ ಬರ್ತಿತ್ತು. "ಕಳ್ಳ ಉಪಾಸ" ಅಂತ ಚಾಚಾಗ ಹೇಳಿ ದವಾಖಾನಿ ಹಿಂದಿನ ಕಿಡಕಿಗಿ ಹೋಗಿ ನಿಂತೆ. ನೋಡಿದ್ರ, ಮುಂಜಾನಿಂದ ಪಾಳಿ ಹಚ್ಚಿ ಕುಂತಿದ್ದ ಒಬ್ಬ ಬಸರಿ ಹೆಣ್ಣಮಗಳ ಮುಂದ ಡಬ್ಬಿ ಬಿಚ್ಚಿ ಇಟ್ಟಿದ್ರು. ಎರಡು ರೊಟ್ಟಿ, ಪುಂಡಿಪಲ್ಲೆ, ಬ್ಯಾಳಿ. ಆಕಿ ಉಣ್ಣೂತನ ಬ್ಯಾರೆ ಕಡೆ ಮಾರಿ ಮಾಡಿ ರಜಿಸ್ಟರ್ ಬರ್ಕೋತ ಕುಂತ್ರು. ಆಕಿ ಎದ್ದು ಹೋದ ಮ್ಯಾಲ ಕಿಡಕಿ ಕಡೆ ತಿರಗಲಾರದೇ, "ಅಣ್ಣಾ, ಅಲ್ಲಿ ಇರುವಿ ಗೂಡು ಅದ, ಕಾಲ ನೋಡ್ಕೋರಿ" ಅಂದ್ರು.

"ಉಪಾಸ ಇದ್ದವರು ಅಡಗಿ ಯಾಕ ಮಾಡ್ತೀರಿ?" ಅಂದೆ, ಸೋತಿಲ್ಲ ಅನ್ನೂವಂಗ.

"ನಾ ಉಣ್ಣಲಿಲ್ಲ ಅಂದ್ರ ಒಂದು ಊಟ ಉಳೀತದ. ಡಬ್ಬಿ ಮನ್ಯಾಗೇ ಇಟ್ರ ಅದು ಉಳತಾಯ ಆತು, ಉಪಾಸ ಹ್ಯಾಂಗ ಆತು?"

ಈ ಕಾಲ ನೋಡ್ಕೋರಿ ಅಂದ ಮಾತಿನಾಗೂ ಅರ್ಥ ಇತ್ತು. ನನಗ ಶುಗರ್. ಎಡಗಾಲಿನ ಬೆರಳಿನ ಗಾಯ ಎರಡು ತಿಂಗಳಾದ್ರೂ ಮಾಯಾಕ ಒಲ್ಲದು. ಬಾಯಿನೇ ದಿನಾ ತೊಳದು ಪಟ್ಟಿ ಕಟ್ತಿದ್ರು, ಕಟ್ತಾ ಬೈತಿದ್ರು. "ಭಜಿ ಕರೀರಿ, ಬ್ಯಾಡ ಅನ್ನಂಗಿಲ್ಲ. ಪ್ರತಿ ಸಲ ಕರದಾಗ ಒಂದು ರುಚಿ ನೋಡೂದು ಬಿಡ್ರಿ. ಹಿಂಗೇ ಆದ್ರ ಬೆರಳು ಹೋಗ್ತದ, ಆಮ್ಯಾಲ ಕಾಲು."

ಬೈಸ್ಕೊಂಡು ಸಾಕಾಗಿ ಒಂದಿನ ಬಾಜಾರದಾಗ ನಿಂತು ಸಾರಿದೆ. ಅವರದು ಈಸ್ಟರ್ ಹಬ್ಬ ಬರೂ ಮುಂಚಿ ನಲವತ್ತು ದಿನ ಉಪಾಸ ಇರ್ತದಲ್ಲ, ಹಗಲೆಲ್ಲಾ ಏನೂ ತಿನ್ನಂಗಿಲ್ಲ, ಅದನ್ನ ನಾನೂ ಮಾಡ್ತೇನಿ. ಯಾರು ಮೊದಲ ತಿಂತಾರ ಅವರು ಸೋತಂಗ. ಬಾಯಿ ಸೋತ್ರ ನನ್ನ ಅಂಗಡಿ ಮುಂದ ನಿಂತು ಎಲ್ಲಾರ ಎದುರಿಗಿ ಮಿರ್ಚಿ ತಿನ್ನಬೇಕು.

ಬಾಯಿ ಪಟ್ಟಿ ಕಟ್ಟಿದ ನನ್ನ ಕಾಲು ನೋಡಿದ್ರು. "ನೀವು ಸೋತ್ರ ಆರು ತಿಂಗಳು ನಾ ಹೇಳಿದಂಗ ಉಣ್ಣಬೇಕು. ಆದ್ರ ಮೊದಲ ಡಾಕ್ಟರಿಗಿ ಕೇಳ್ರಿ. ನಿಮ್ಮ ಗುಳಿಗಿ ಖಾಲಿ ಹೊಟ್ಟ್ಯಾಗ ನುಂಗೂವಂಥಾದ್ದಲ್ಲ."

"ಕೇಳೇನ್ರಿ. ಹೂಂ ಅಂದಾರ," ಅಂದೆ. ಯಾವ ಡಾಕ್ಟರ್, ಯಾವ ಹೂಂ.

ಸುಳ್ಳು ಯಾಕ ಹೇಳ್ಲಿ, ಆ ಉಪಾಸ ನಾ ಸಾಬೂದಾನಿಕಿಂತ ಸುಖವಾಗಿ ಮಾಡಿದೆ. ಅಂಗಡಿ ಹಿಂದ ಗೋಣಿತಟ್ಟಿನ ಪರದಾ ಇತ್ತು. ಅದರ ಹಿಂದ ಹೋಗಿ ಗಬಗಬ ತಿಂದು, ಬಾಯಿ ಒರಸ್ಕೊಂಡು, ಹೊಟ್ಟಿ ಹಿಡ್ಕೊಂಡು ನರಳ್ತಾ ಹೊರಗ ಬರ್ತಿದ್ದೆ. ಊರ ಮಂದಿ ಅಬಾಬಾ ಅಂದ್ರು. ಪಗಾರ ದಿನಾ ಮುಟ್ತಿತ್ತು.

ಕಡೀ ಗುರುವಾರ ಬಾಯಿ ಅಂಗಡಿಗಿ ಬಂದ್ರು. ಮರುದಿನ ಅವರ ಸ್ವಾಮಿ ಶಿಲುಬಿಗಿ ಏರಿದ ಶುಕ್ರವಾರ, ಎಲ್ಲಾದ್ರಕಿಂತ ದೊಡ್ಡ ಉಪಾಸ. ಹನ್ನೆರಡರಿಂದ ಮೂರರತನ ಕಲಬುರ್ಗಿ ಚರ್ಚಿನಾಗ ಕುಂತಿರ್ಬೇಕು. ಆ ಮೂರು ತಾಸು ಅವರು ಒಂದು ವರ್ಷಾನೂ ತಪ್ಪಿಸಿದವರಲ್ಲ. ಚೀಲ ಹೆಗಲಿಗಿ ಹಾಕ್ಕೊಂಡು ನಿಂತು ಹೇಳಿದ್ರು: "ಅಣ್ಣಾ, ಇಷ್ಟು ವರ್ಷ ಈ ಉಪಾಸ ಒಬ್ಬಾಕಿನೇ ಮಾಡೇನಿ. ಈ ಸಲ ಜೋಡಿಗೊಬ್ಬರು ಅದಾರ ಅನ್ನಸ್ತು. ಪ್ರಾರ್ಥನಾದಾಗ ದಿನಾ ನಿಮ್ಮ ಹೆಸರು ತಗೊಂಡೇನಿ."

ಆ ಹೊತ್ತಿನ್ಯಾಗ ನನ್ನ ಹಲ್ಲಿನ ಸಂದ್ಯಾಗ ಕಡ್ಲಿಹಿಟ್ಟು ಇತ್ತು.

ಮರುದಿನ, ಒಂದಿನರ ಖರೆ ಮಾಡೋಣು ಅಂತ ಗಟ್ಟಿ ಮಾಡಿದೆ. ಮುಂಜಾನಿ ಶುಗರ್ ಗುಳಿಗಿ ನುಂಗಿದೆ, ಔಷಧ ಏನ್ ಊಟ ಅಲ್ಲಲ್ಲ ಅಂತ. ಮ್ಯಾಲ ಬರೇ ನೀರು. ಹತ್ತು ಗಂಟೆಗಿ ಕೈ ನಡಗಾಕತ್ತು. ಹನ್ನೊಂದಕ್ಕ ಒಂದು ಕಡಾಯಿ ಎರಡು ಆಗಿ ಕಂಡ್ವು. ಅಂಗಿ ತೊಯ್ದು ಮೈಗಿ ಅಂಟಿತ್ತು. ಎದುರಿಗಿ ಬಾಯಿ ಬಿಳಿ ಸೀರಿ ಉಟ್ಟು, ತಲಿ ಮಿಂಚಿಸ್ಕೊಂಡು, ಬಸ್ಸಿಗಿ ನಿಂತಿದ್ರು. ಆ ತಲಿ ಹೊಳಪು ಒಂದು ಕಂಡದ್ದು ನೆನಪದ. ಆಮ್ಯಾಲ ಬಾಕಿನ ಮ್ಯಾಲ ಒರಗಿದ್ದೆ.

"ಕ್ಯಾ ಹುವಾ ರೇ ಇಸ್ಕು?" ಅಂತ ಚಾಚಾ ಓಡಿ ಬಂದ್ರು. ಬಾಯಿ ಬಂದು ಮಣಿಕಟ್ಟು ಹಿಡದು, ಕಣ್ಣು ನೋಡಿ, "ಸಕ್ಕರಿ ನೀರು ತರ್ರಿ ಚಾಚಾ, ಲಗೂನ" ಅಂದ್ರು. ಗ್ಲಾಸ್ ಬಂತು. ನಾ ಹಲ್ಲು ಕಚ್ಚಿದೆ. ಕುಡಸಿದ್ದು ಉಗುಳಿದೆ. ಶುಗರ್ ಕೆಳಗ ಇಳದಾಗ ಮನುಷ್ಯ ಹಿಂಗ ಹಟಕ್ಕ ಬೀಳ್ತಾನಂತ, ಅವರೇ ಆಮ್ಯಾಲ ಹೇಳಿದ್ದು. ನನಗ ಆಗ ಒಂದೇ ತಿಳಿದಿತ್ತು: ಕುಡದ್ರ ಸೋತೆ.

"ಸೋಲಂಗಿಲ್ಲ," ಅಂದೆನಂತ. "ಇವತ್ತ ಖರೆ ಮಾಡೇನಿ. ಸೋಲಂಗಿಲ್ಲ."

ಬಸ್ ಬಂದು ನಿಂತ್ತು. ಕಂಡಕ್ಟರ್, "ಬಾಯಾರ, ಬರ್ತೀರೇನು?" ಅಂತ ಕೂಗಿದ. ಬಾಯಿ ಆ ಕಡೆ ನೋಡಲಿಲ್ಲ. ನಾ ಭಜಿ ಕರದು ಹಾಕಿದ ಪರಾತಿನಾಗ ಕೈ ಹಾಕಿ ಒಂದು ಮಿರ್ಚಿ ತಗೊಂಡ್ರು. ಎದ್ದು ನಿಂತು, ಬಸ್ಸಿನಾಗ ಕುಂತವರು, ಬಾಜಾರದವರು, ಎಲ್ಲಾರೂ ನೋಡೂವಂಗ ಕಡದು ತಿಂದ್ರು. ಅರ್ಧ ಅಲ್ಲ, ತೊಟ್ಟಿನತನ.

"ನೋಡಲೇ. ನಾ ಸೋತೆ. ನೀ ಗೆದ್ದಿ. ಈಗ ಕುಡಿ."

ಬಾಯಿ ನನಗ 'ಲೇ' ಅಂದದ್ದು ಅದೊಂದೇ ಸಲ. ನಾ ಬಾಯಿ ತಗದೆ.

ನನಗ ಪೂರಾ ಎಚ್ಚರ ಆಗೂದ್ರಾಗ ಬಸ್ ಹೋಗಿ ಬಹಳ ಹೊತ್ತಾಗಿತ್ತು. ಬಾಯಿ ನನ್ನ ಬೆರಳಿಗಿ ಸೂಜಿ ಚುಚ್ಚಿ ಮಷಿನ್‌ನಾಗ ಶುಗರ್ ನೋಡ್ತಾ ಕುಂತಿದ್ರು. ಚರ್ಚಿನಾಗ ಆಗ ಮಂದಿ ಕುಂತಿದ್ದಿರಬೇಕು. ನನಗ ಅಳು ಬಂತು. ಎಲ್ಲಾ ಒಪ್ಪಿದೆ. ಡಾಕ್ಟರಿಗಿ ಕೇಳಿದ್ದಿಲ್ಲ, ಇಷ್ಟು ದಿನ ಪರದಾ ಹಿಂದ ತಿಂದೆ, ಎಲ್ಲಾ.

"ತಿಂದದ್ದು ಮೊದಲ ದಿನಾನೇ ಗೊತ್ತಿತ್ತು ಅಣ್ಣಾ. ನಿಮ್ಮ ಮಾತಿನ ಜೋಡಿ ಅಜವಾನ ವಾಸನಿ ಬರ್ತಿತ್ತು. ಹ್ಯಾಂಗೂ ಕದ್ದು ತಿಂತಾರ ಅಂತ ಬೇಫಿಕರ್ ಇದ್ದೆ. ಇವತ್ತೊಂದಿನ ಪ್ರಾಮಾಣಿಕ ಆಗಿ ಜೀವಾನೇ ತಗೀತಿದ್ರಿ."

"ಗೊತ್ತಿದ್ದೂ ಪ್ರಾರ್ಥನಾದಾಗ ನನ್ನ ಹೆಸರು ಯಾಕ ತಗೊಂಡ್ರಿ?"

"ಗೊತ್ತಿತ್ತಂತನೇ ತಗೊಂಡೆ."

ಚಾಚಾ ನಕ್ಕರು. ಬಾಯಿ ನಗಲಿಲ್ಲ. "ನಿನ್ನಿ ಜೋಡಿಗೊಬ್ಬರು ಅದಾರ ಅಂದದ್ದು ನಂದೂ ತಪ್ಪು," ಅಂದು ಮಷಿನ್ ಚೀಲದಾಗ ಇಟ್ಟು, ನನ್ನ ಅಂಗಡಿ ಬಾಕಿನ ಮ್ಯಾಲೇ ಕಣ್ಣು ಮುಚ್ಚಿ ಕುಂತ್ರು. ಮೂರರತನ. ನಾ ಒಲಿ ಆರಿಸಿದೆ. ಭಜಿ ಕೇಳಾಕ ಬಂದವರಿಗಿ ಚಾಚಾ ದೂರಿಂದೇ ಕೈ ಮಾಡಿ ಕಳಸಿದ್ರು.

ಪಂದ್ಯ ನಾ ಗೆದ್ದೆ. ಇಡೀ ಬಾಜಾರ ಸಾಕ್ಷಿ ಅದ. ಗೆದ್ದವ ಶನಿವಾರದಿಂದ ಸೋತವರು ಹೇಳಿದಂಗ ಉಣ್ಣಾಕತ್ತಿದೆ. ಡಾಕ್ಟರ್ ಹಂತ್ಯಾಕ ಬಾಯಿನೇ ಕರಕೊಂಡು ಹೋಗಿ ಗುಳಿಗಿ ಬದಲಿ ಮಾಡ್ಸಿದ್ರು. ಒಂದೂವರಿ ರೊಟ್ಟಿ, ತಾಟಿನ ತುಂಬ ಪಲ್ಲೆ, ಹೊತ್ತು ಮುಳಗೂದ್ರಾಗ ಊಟ, ನಡುವ ಬಾಯಾಡ್ಸೂದು ಬಂದ್. "ಮೊದಲ ಇದನ್ನ ಬಿಡ್ರಿ, ಇದೇ ನಿಮ್ಮ ಉಪಾಸ," ಅಂದ್ರು. ಆರು ತಿಂಗಳಂದದ್ದು ಇವತ್ತಿನತನ ನಡದದ. ಗಾಯ ಮಾಯ್ತು. ಹತ್ತೂ ಬೆರಳು ಅವ, ಬೇಕಂದ್ರ ಬಂದು ಎಣಸ್ರಿ.

ಬಾಯಿ ರಿಟೈರ್ ಆಗಿ ಊರಿಗಿ ಹೋದ್ರು. ಹೋದ ವರ್ಷ ಅವರ ತಮ್ಮನ ಮಗಳು ಫೋನ್ ಮಾಡಿದ್ಲು: ಅತ್ತಿ ಮುಂಜಾನಿ ತೀರ್ಕೊಂಡ್ರು, ನಾಳಿ ಮಣ್ಣು. ಮರುದಿನ ಗುರುವಾರ ಇತ್ತು, ಶುಕ್ರವಾರ ಅಲ್ಲ. ಆದ್ರೂ ನಾ ಮುಂಜಾನೆದ್ದು ತಲಿಗಿ ಕೊಬ್ಬರಿ ಎಣ್ಣಿ ಹಚ್ಕೊಂಡೆ. ನನ್ನ ತಲಿ ಗೊತ್ತದಲ್ಲ, ಕೂದಲ ಇಲ್ಲ, ಹಚ್ಚಿದ್ದೆಲ್ಲಾ ಮ್ಯಾಲೇ ನಿಂತ್ತು. ಒಂದೂವರಿ ರೊಟ್ಟಿ, ಪುಂಡಿಪಲ್ಲೆ ಡಬ್ಬಿಗಿ ಹಾಕ್ಸ್ಕೊಂಡೆ. ಈಗಿನ ಗುಳಿಗಿ ಮ್ಯಾಲ ಒಂದು ಹೊತ್ತು ಊಟ ಬಿಟ್ರ ನಡೀತದೇನು ಅಂತ ಡಾಕ್ಟರಿಗಿ ಖರೆನೇ ಕೇಳಿದ್ದೆ, ಹೂಂ ಅಂದಿದ್ರು. ಅಂದೋಲಾ ದಾಟಿ ಊರು ಮುಟ್ಟೂದ್ರಾಗ ಕುಣಿ ತೋಡಾಕತ್ತಿದ್ರು. ತೋಡೂವವ ಮುಂಜಾನಿಂದ ಉಂಡಿದ್ದಿಲ್ಲ. ಡಬ್ಬಿ ಅವನ ಮುಂದ ಬಿಚ್ಚಿಟ್ಟು ಬ್ಯಾರೆ ಕಡೆ ಮಾರಿ ಮಾಡಿ ಕುಂತೆ.

ಮಣ್ಣಾದ ಮ್ಯಾಲ ತಮ್ಮನ ಮಗಳು ಬಂದು ನೋಡಿದ್ಲು. "ಅಜ್ಜಾ, ನಿಮ್ಮ ತಲಿ ಯಾಕ ಹಿಂಗ ಮಿಂಚಾಕತ್ತದ?"

"ಬಿಸಲವ್ವಾ," ಅಂದೆ.

ಅವತ್ತಿನಿಂದ ವಾರಕ್ಕೊಮ್ಮಿ ಈ ಎಣ್ಣಿ, ಈ ಒಂದು ಹೊತ್ತಿನ ಉಪಾಸ ನಡದದ. ಶುಕ್ರವಾರ ಬರೂ ಗಿರಾಕಿ, ಮುದುಕನ ತಲಿಗಿ ಕಡಾಯಿ ಎಣ್ಣಿ ಸಿಡದದ ಅಂತ ನಗ್ತಾರ. ಚಾಚಾಗೂ ಹೇಳಿಲ್ಲ. ಹುಟ್ಟಿದಾಗಿಂದ ಬಾಯಾಗ ಮಾತು ನಿಲ್ಲಲಾರದವ ನಾ, ಇದೊಂದು ಒಂದು ವರ್ಷ ಹಿಡ್ಕೊಂಡಿದ್ದೆ. ಈಗ ನಿಮ್ಮ ಮುಂದ ಎಲ್ಲಾ ಬಿಚ್ಚಿಟ್ಟೆ, ಇಷ್ಟು ದಿನದ ಪಗಾರ ಹೋತು. ಹೋಗ್ಲಿ. ನಾಳಿ ಶುಕ್ರವಾರ, ಮೊದಲಿಂದ ಚಾಲೂ ಮಾಡ್ತೇನಿ.